ಬೆಟ್ಟದ ಆಳ ಹಿಮಕ್ಕೆ ಸ್ನೋಮೊಬೈಲ್ ಸಸ್ಪೆನ್ಷನ್ ಹದಗೊಳಿಸುವುದು: ಸಮಗ್ರ ಮಾರ್ಗದರ್ಶಿ

ಪುಡಿಹಿಮದಲ್ಲಿ ಸ್ನೋಮೊಬೈಲ್, ಅಂದರೆ ಮುಂದೆ ಎರಡು ಸ್ಕೀ, ಹಿಂದೆ ತಿರುಗುವ ರಬ್ಬರ್ ಟ್ರ್ಯಾಕ್ ಇರುವ ಹಿಮದ ಗಾಡಿ, ಹೂತುಕೊಂಡಾಗ ಬೈಸಿಕೊಳ್ಳುವುದು ಸಾಮಾನ್ಯವಾಗಿ ಎಂಜಿನ್ನು, ಇಲ್ಲವೇ ಟ್ರ್ಯಾಕ್. 850 ಸಿಸಿ ಎಂಜಿನ್, 165 ಇಂಚಿನ ಟ್ರ್ಯಾಕ್, ಅದರ ಮೇಲೆ 3 ಇಂಚಿನ ಲಗ್ (ಹಿಮ ಕಚ್ಚುವ ರಬ್ಬರ್ ಹಲ್ಲು) ಇರುವ ಗಾಡಿಯೂ ಹೂತುಕೊಳ್ಳುತ್ತದೆ. ಅದೇ ಏರಿನಲ್ಲಿ 146 ಇಂಚಿನ ಹಳೇ ಗಾಡಿಯವನು ಸಲೀಸಾಗಿ ಹತ್ತಿಹೋಗುವುದೂ ಉಂಟು. ಸವಾರನ ಕೈಚಳಕವನ್ನು ಬದಿಗಿಟ್ಟು ನೋಡಿದರೆ, ಈ ವ್ಯತ್ಯಾಸದ ಮೂಲ ಹಲವು ಸಲ ಸಸ್ಪೆನ್ಷನ್ನಿನಲ್ಲೇ ಇರುತ್ತದೆ. ಶೋರೂಮಿನಿಂದ ಬರುವ ಗಾಡಿಯನ್ನು ಯಾರೋ ಒಬ್ಬ ಸರಾಸರಿ ತೂಕದ ಸವಾರನಿಗೆಂದು, ಎಲ್ಲ ಬಗೆಯ ಹಿಮಕ್ಕೂ ಆದೀತೆಂದು ಹೊಂದಿಸಿರುತ್ತಾರೆ. ಆ ಸರಾಸರಿ ಮನುಷ್ಯ ನೀವಾಗಿರುವ ಸಾಧ್ಯತೆ ಕಡಿಮೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ: ಥ್ರಾಟಲ್ ಒತ್ತಿದ ಕ್ಷಣದಲ್ಲಿ ಗಾಡಿಯ ಭಾರ ಎಲ್ಲಿಗೆ ಹೋಗುತ್ತದೆ? ಸ್ಪ್ರಿಂಗ್, ಪಟ್ಟಿ, ಕ್ಲಿಕ್ಕರ್ (ಶಾಕಿನ ಮೇಲಿರುವ ಹೊಂದಾಣಿಕೆಯ ತಿರುಪು), ಗಾಳಿಯ ಒತ್ತಡ ಇವೆಲ್ಲವೂ ಇದೊಂದೇ ಪ್ರಶ್ನೆಗೆ ಬೇರೆ ಬೇರೆ ಕಡೆಯಿಂದ ಉತ್ತರ ಕೊಡುವ ಸಾಧನಗಳು.

ಆಳ ಹಿಮದ ಬೇಡಿಕೆಯೇ ಬೇರೆ

ಗಟ್ಟಿ ಹಾದಿಯಲ್ಲಿ ಓಡಿಸುವವರಿಗೆ ಸಸ್ಪೆನ್ಷನ್ ಎಂದರೆ ಉಬ್ಬುತಗ್ಗು ನುಂಗುವ ಸಾಧನ. ಆಳ ಹಿಮದಲ್ಲಿ ಉಬ್ಬುತಗ್ಗುಗಳು ಹಿಮದಡಿ ಮುಚ್ಚಿಹೋಗಿರುತ್ತವೆ. ಅಲ್ಲಿ ಸಸ್ಪೆನ್ಷನ್ನಿನ ಮುಖ್ಯ ಕೆಲಸ ಟ್ರ್ಯಾಕ್ ಯಾವ ಕೋನದಲ್ಲಿ ಹಿಮಕ್ಕೆ ಎದುರಾಗಬೇಕು ಎಂಬುದನ್ನು ನಿರ್ಧರಿಸುವುದು. ಟ್ರ್ಯಾಕನ್ನು ತಿರುಗಿಸುವ ಡ್ರೈವ್ ಚಕ್ರದಿಂದ ಕೆಳಗಿಳಿದು ರೇಲಿನ (ಟ್ರ್ಯಾಕ್ ಜಾರುವ ಉದ್ದನೆಯ ಕಂಬಿ) ಮುಂತುದಿಗೆ ಬರುವ ಟ್ರ್ಯಾಕಿನ ಭಾಗವನ್ನು ಬದಿಯಿಂದ ನೋಡಿ. ಆ ಇಳಿಜಾರು ಓರೆಯಾಗಿದ್ದಷ್ಟೂ ಟ್ರ್ಯಾಕ್ ಹಿಮದ ಮೇಲೆ ಹತ್ತುತ್ತದೆ. ಕಡಿದಾದಷ್ಟೂ ಎದುರಿನ ಹಿಮವನ್ನು ಗುದ್ದಿ, ಅಗೆದು, ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೋಟಾರು ದೋಣಿ ವೇಗ ಹಿಡಿದಂತೆ ನೀರಿನ ಮೇಲ್ಮೈಗೆ ಏರಿ ಸಮನಾಗುತ್ತದಲ್ಲ, ಇಲ್ಲೂ ನಮಗೆ ಬೇಕಾದದ್ದು ಅದೇ. ಮೂತಿ ಮೇಲೆತ್ತಿ, ಹಿಂಭಾಗ ಹೂತು ಓಡುವ ಗಾಡಿ ನೋಡಲು ಜೋರಾಗಿ ಕಾಣಬಹುದು, ಮುಂದೆ ಹೋಗುವುದು ಮಾತ್ರ ಕಡಿಮೆ.

ಎರಡನೆಯ ಬೇಡಿಕೆ ವಾಲುವಿಕೆ. ಬೆಟ್ಟದಲ್ಲಿ ಹ್ಯಾಂಡಲ್ ತಿರುಗಿಸಿದ ಮಾತ್ರಕ್ಕೆ ಗಾಡಿ ತಿರುಗುವುದಿಲ್ಲ, ಅದನ್ನು ಒಂದು ಬದಿಗೆ ವಾಲಿಸಿ ಅಂಚಿನ ಮೇಲೆ ಓಡಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಸಾಗುವಾಗಲಂತೂ ಇದೇ ಜೀವಾಳ. ಅದಕ್ಕಾಗಿಯೇ ಬೆಟ್ಟದ ಮಾದರಿಗಳಲ್ಲಿ ಎರಡು ಸ್ಕೀಗಳ ನಡುವಿನ ಅಂತರ ಕಿರಿದು, ಹೆಚ್ಚುಕಡಿಮೆ 36 ಇಂಚು. ಸ್ಕೀ-ಡೂ ಸಮ್ಮಿಟ್ 2013ರ ಮಾದರಿಯಲ್ಲಿ ಹಿಂದಿನ ಸಸ್ಪೆನ್ಷನ್ನೇ ಅಕ್ಕಪಕ್ಕ ತುಸು ಬಾಗುವ ಟಿ-ಮೋಷನ್ ತಂದದ್ದು, ಆರ್ಕ್ಟಿಕ್ ಕ್ಯಾಟ್ 2019ರ ಮಾದರಿಯಲ್ಲಿ ಎರಡು ರೇಲುಗಳ ಜಾಗದಲ್ಲಿ ಒಂದೇ ತೊಲೆಯಿರುವ ಆಲ್ಫಾ ಒನ್ ತಂದದ್ದು ಇದೇ ಕಾರಣಕ್ಕೆ. ನಿಮ್ಮ ಹೊಂದಾಣಿಕೆ ಈ ವಾಲುವಿಕೆಗೆ ಅಡ್ಡಬರಬಾರದು.

ಯಾವ ಭಾಗದ ಕೆಲಸ ಏನು

ಟ್ರ್ಯಾಕಿನೊಳಗೆ ಕೂತಿರುವ ರೇಲು, ಸ್ಪ್ರಿಂಗು, ಶಾಕುಗಳ ಇಡೀ ಚೌಕಟ್ಟಿಗೆ ಸವಾರರು ಸ್ಕಿಡ್ ಎನ್ನುತ್ತಾರೆ. ಅದರಲ್ಲಿ ಎರಡು ಶಾಕ್. ಮುಂದಿನದು ಮುಂದಿನ ಟ್ರ್ಯಾಕ್ ಶಾಕ್. ಗಾಡಿಯ ಮಧ್ಯಭಾಗದಲ್ಲಿರುವುದರಿಂದ ಸೆಂಟರ್ ಶಾಕ್ ಎಂದೂ ಕರೆಯುತ್ತಾರೆ. ಗಾಡಿ ಮೇಲೆ ಕೆಳಗೆ ತೂಗುವುದು ಈ ಬಿಂದುವಿನ ಮೇಲೆ. ಹಿಂದಿನ ಶಾಕ್ ಸವಾರನ ಭಾರ ಹೊರುತ್ತದೆ. ಅದರ ಜೊತೆಗೆ ಎರಡೂ ಬದಿ ಸುರುಳಿ ತಿರುಚಿದ ಟಾರ್ಷನ್ ಸ್ಪ್ರಿಂಗ್ ಇರಬಹುದು, ಶಾಕಿನ ಸುತ್ತಲೇ ಕಾಯಿಲ್ ಸ್ಪ್ರಿಂಗ್ ಇರಬಹುದು, ಸ್ಪ್ರಿಂಗೇ ಇಲ್ಲದೆ ಗಾಳಿಯೂ ಇರಬಹುದು. ಸ್ಕಿಡ್ಡಿನ ಮುಂಭಾಗ ಎಷ್ಟು ಕೆಳಗಿಳಿಯಬಹುದು ಎಂದು ಹಿಡಿದಿಡುವುದು ಲಿಮಿಟರ್ ಪಟ್ಟಿ. ಇನ್ನು ಮುಂದುಗಡೆ ಪ್ರತಿ ಸ್ಕೀಗೆ ಒಂದೊಂದು ಶಾಕ್. ಇಷ್ಟೇ ಸಂಸಾರ.

ಪಾನಾ ಹಿಡಿಯುವ ಮುನ್ನ

ಸವೆದ ಬುಶ್‌ಗಳನ್ನು ಇಟ್ಟುಕೊಂಡು ಸಸ್ಪೆನ್ಷನ್ ಹದ ಮಾಡುವುದು ವ್ಯರ್ಥ. ಗಾಡಿಯ ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ಎತ್ತಿಟ್ಟು ರೇಲನ್ನು ಕೈಯಿಂದ ಅಕ್ಕಪಕ್ಕ, ಮೇಲೆಕೆಳಗೆ ಅಲ್ಲಾಡಿಸಿ. ಟಕ್ ಟಕ್ ಎಂದು ಸಡಿಲ ಕೇಳಿದರೆ ಮೊದಲು ಅದನ್ನು ಸರಿಪಡಿಸಿ. ಗ್ರೀಸ್ ಹಾಕುವ ಎಲ್ಲ ನಿಪ್ಪಲ್‌ಗಳಿಗೂ, ಹಳೆಯ ಗ್ರೀಸ್ ಹೊರಬರುವ ತನಕ ಹೊಸ ಗ್ರೀಸ್ ಒತ್ತಿ. ಗ್ರೀಸ್ ಒಣಗಿದ ಕೀಲು ಶಾಕಿನ ಹಾಗೇ ಬಿಗಿಯಾಗಿ ವರ್ತಿಸುತ್ತದೆ, ನೀವು ಶಾಕನ್ನು ದೂರುತ್ತಾ ಕೂರುತ್ತೀರಿ.

ಶಾಕಿನ ದಂಡದ ಮೇಲೆ ಎಣ್ಣೆಯ ಪಸೆ ಇದೆಯೇ ನೋಡಿ. ಇದ್ದರೆ ಸೀಲ್ ಹೋಗಿದೆ ಎಂದರ್ಥ. ಲಿಮಿಟರ್ ಪಟ್ಟಿಯ ಅಂಚು ನಾರುನಾರಾಗಿದ್ದರೆ ಬದಲಿಸಿ. ಟ್ರ್ಯಾಕ್ ಬಿಗಿತವನ್ನು ಕೈಪಿಡಿಯಲ್ಲಿ ಹೇಳಿದ ತೂಕವನ್ನೇ ತೂಗುಬಿಟ್ಟು ಅಳೆಯಿರಿ. ತಯಾರಕರು ಒಬ್ಬೊಬ್ಬರೂ ಬೇರೆ ತೂಕ, ಬೇರೆ ಅಳತೆ ಹೇಳುತ್ತಾರೆ, ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಗಾಡಿಗೆ ಹಚ್ಚಬೇಡಿ.

ಕೊನೆಯದಾಗಿ, ಈಗಿರುವ ಸ್ಥಿತಿಯನ್ನು ಬರೆದಿಡಿ. ಸ್ಪ್ರಿಂಗ್ ರಿಂಗಿನ ಮೇಲ್ಭಾಗದಲ್ಲಿ ಕಾಣುವ ತಿರುಪಿನ ಸುತ್ತುಗಳು ಎಷ್ಟು, ಪಟ್ಟಿ ಯಾವ ತೂತಿನಲ್ಲಿದೆ, ಕ್ಲಿಕ್ಕರ್ ಪೂರ್ತಿ ಬಿಗಿಯಿಂದ ಎಷ್ಟು ಕ್ಲಿಕ್ ಹೊರಗಿದೆ, ಗಾಳಿ ಎಷ್ಟು. ಫೋನಿನಲ್ಲಿ ಫೋಟೊ ತೆಗೆದರೂ ಸಾಕು. ಈ ಚೀಟಿ ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲಿಂದ ಹೊರಟೆವು ಎಂಬುದೇ ಮರೆತಿರುತ್ತದೆ.

ಮೊದಲ ಹೆಜ್ಜೆ: ಸ್ಯಾಗ್ ಅಳೆಯುವುದು

ಸ್ಯಾಗ್ ಎಂದರೆ ಸವಾರ ಹತ್ತಿದಾಗ ಗಾಡಿ ಎಷ್ಟು ಕುಗ್ಗುತ್ತದೆ ಎಂಬ ಅಳತೆ. ಇದನ್ನು ಬಿಟ್ಟು ಮುಂದಿನ ಹೆಜ್ಜೆಗೆ ಹೋದರೆ ಮಾಡಿದ್ದೆಲ್ಲ ಊಹೆಯೇ.

ಗಟ್ಟಿಯಾದ ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ. ಒಬ್ಬರು ಹಿಂದಿನ ಬಂಪರ್ ಹಿಡಿದು, ಟ್ರ್ಯಾಕ್ ನೆಲಕ್ಕೆ ತಾಗಿಯೂ ತಾಗದಂತೆ, ಸಸ್ಪೆನ್ಷನ್ ಪೂರ್ತಿ ಹಿಗ್ಗುವ ತನಕ ಎತ್ತಲಿ. ನೆಲದಿಂದ ಬಂಪರಿನ ಒಂದು ಗುರುತಿಗೆ ಅಳತೆ ತೆಗೆದುಕೊಳ್ಳಿ. ಈಗ ಇಳಿಸಿ, ಎರಡು ಮೂರು ಸಲ ಒತ್ತಿ ಬಿಟ್ಟು ಗಾಡಿ ತಾನಾಗಿ ಕೂರಲು ಬಿಡಿ. ನೀವು ಹತ್ತಿ, ಮತ್ತೆ ಅದೇ ಗುರುತಿಗೆ ಅಳೆಸಿ. ಎರಡರ ವ್ಯತ್ಯಾಸವೇ ಸ್ಯಾಗ್.

ಹತ್ತುವುದರಲ್ಲೂ ಕ್ರಮವಿದೆ. ಬೆಟ್ಟದಲ್ಲಿ ನಾವು ಸೀಟಿನ ಮೇಲೆ ಕೂರುವುದು ಅಪರೂಪ, ಹೆಚ್ಚಿನ ಹೊತ್ತು ನಿಂತೇ ಇರುತ್ತೇವೆ. ಆದ್ದರಿಂದ ನಿಂತೇ ಅಳೆಯಿರಿ. ಹೆಲ್ಮೆಟ್, ಬೂಟು, ಜಾಕೆಟ್, ಗುದ್ದಲಿ ಮತ್ತು ಏರ್‌ಬ್ಯಾಗ್ ಇರುವ ಬೆನ್ನಚೀಲ, ತುಂಬಿದ ಪೆಟ್ರೋಲ್ ಟ್ಯಾಂಕ್, ಟನಲ್ (ಟ್ರ್ಯಾಕಿನ ಮೇಲಿನ ಲೋಹದ ಹೊದಿಕೆ) ಮೇಲೆ ಕಟ್ಟುವ ಚೀಲ ಎಲ್ಲವೂ ಇರಲಿ. ಮನೆಯ ಬಟ್ಟೆಯಲ್ಲಿ ಅಳೆದ ಸ್ಯಾಗ್ ಬೆಟ್ಟದ ಮೇಲೆ ಸುಳ್ಳಾಗುತ್ತದೆ. ಟನಲ್ ತುದಿಯಲ್ಲಿ ಕಟ್ಟಿದ ಹೆಚ್ಚುವರಿ ಪೆಟ್ರೋಲಿನ ಡಬ್ಬವಂತೂ ತನ್ನ ತೂಕಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಅದು ಇರುವುದೇ ತೂಗುವ ಬಿಂದುವಿನಿಂದ ಬಲು ದೂರದಲ್ಲಿ.

ಎಷ್ಟಿರಬೇಕು? ಕೈಪಿಡಿಯ ಅಂಕಿಯೇ ಅಂತಿಮ. ಅದು ಕೈಗೆ ಸಿಗದಿದ್ದರೆ ಹಿಂದೆ 3ರಿಂದ 4 ಇಂಚು, ಮುಂದೆ ಸ್ಕೀ ಬದಿಯಲ್ಲಿ 1ರಿಂದ 2 ಇಂಚಿನೊಳಗೆ ಶುರುಮಾಡಿ. ಹಿಂದೆ ಇದಕ್ಕಿಂತ ಹೆಚ್ಚು ಕುಗ್ಗಿದರೆ ನಿಂತಲ್ಲೇ ಮೂತಿ ಮೇಲಾಗಿರುತ್ತದೆ, ಥ್ರಾಟಲ್ ಒತ್ತಿದೊಡನೆ ಹಿಂಭಾಗ ಇನ್ನೂ ಹೂಳುತ್ತದೆ. ಕಡಿಮೆಯಾದರೆ ಭಾರ ಹಿಂದಕ್ಕೆ ಸರಿಯುವುದೇ ಇಲ್ಲ; ಸ್ಕೀಗಳು ಹಿಮದಲ್ಲಿ ಮೂತಿ ತೂರುತ್ತವೆ.

ಸರಿಪಡಿಸುವುದು ಪ್ರಿಲೋಡಿನಿಂದ, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎಂಬುದರಿಂದ. ಟಾರ್ಷನ್ ಸ್ಪ್ರಿಂಗಿನಲ್ಲಿ ಪ್ಲಾಸ್ಟಿಕ್ ಕ್ಯಾಮ್ ತಿರುಗಿಸುತ್ತೀರಿ, ಕಾಯಿಲ್‌ನಲ್ಲಿ ರಿಂಗು, ಗಾಳಿ ಶಾಕಿನಲ್ಲಿ ಒತ್ತಡ. ಎಡಬಲ ಎರಡೂ ಒಂದೇ ಮಟ್ಟದಲ್ಲಿರಲಿ. ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ: ಪ್ರಿಲೋಡ್ ಹೆಚ್ಚಿಸಿದರೆ ಕಾಯಿಲ್ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ, ಅಷ್ಟೆ. ಪ್ರತಿ ಇಂಚು ಕುಗ್ಗಲು ಬೇಕಾದ ಬಲ ಮೊದಲಿನಷ್ಟೇ ಇರುತ್ತದೆ. ಕ್ಯಾಮ್ ಕೊನೆಯ ಹಂತಕ್ಕೆ ಹೋದರೂ ಸ್ಯಾಗ್ ಕಡಿಮೆಯಾಗದಿದ್ದರೆ ನಿಮ್ಮ ತೂಕಕ್ಕೆ ಆ ಸ್ಪ್ರಿಂಗೇ ಮೃದು, ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು. ತಯಾರಕರ ಬಳಿ ಸವಾರನ ತೂಕಕ್ಕೆ ತಕ್ಕ ಸ್ಪ್ರಿಂಗಿನ ಪಟ್ಟಿ ಇರುತ್ತದೆ. ತೀರಾ ಹಗುರ ಸವಾರರಿಗೆ ಇದರ ತದ್ವಿರುದ್ಧ ತೊಂದರೆ: ಪ್ರಿಲೋಡ್ ಪೂರ್ತಿ ಇಳಿಸಿದಾಗ ಸ್ಪ್ರಿಂಗ್ ಲಡಲಡ ಸಡಿಲವಾಗಿಬಿಟ್ಟರೆ ಅದೂ ಸರಿಯಲ್ಲ.

ಎರಡನೆಯ ಹೆಜ್ಜೆ: ಲಿಮಿಟರ್ ಪಟ್ಟಿ

ನನ್ನ ಲೆಕ್ಕದಲ್ಲಿ ಇಡೀ ಗಾಡಿಯಲ್ಲಿ ಅತಿ ಅಗ್ಗದ, ಅತಿ ಶಕ್ತಿಶಾಲಿ ಹೊಂದಾಣಿಕೆ ಇದೇ. ಆದರೂ ಜನ ದುಬಾರಿ ಶಾಕಿನ ಕ್ಲಿಕ್ಕರ್ ತಿರುಗಿಸುತ್ತಾ ದಿನ ಕಳೆಯುತ್ತಾರೆ, ಈ ಪಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಟ್ರ್ಯಾಕಿನೊಳಗೆ ಕೈ ಹಾಕಬೇಕಲ್ಲ ಎಂಬ ಬೇಸರ ಇರಬಹುದು. ಕೆಲವು ಹೊಸ ಮಾದರಿಗಳಲ್ಲಿ ಉಪಕರಣವಿಲ್ಲದೆ ಬದಲಿಸುವ ಏರ್ಪಾಡು ಬಂದಿದೆ, ಹಾಗಾಗಿ ಆ ನೆವವೂ ಹೋಯಿತು.

ಪಟ್ಟಿ ಗಿಡ್ಡ ಮಾಡಿದರೆ ಸ್ಕಿಡ್ಡಿನ ಮುಂತುದಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಟ್ರ್ಯಾಕ್ ಹಿಮಕ್ಕೆ ಎದುರಾಗುವ ಕೋನ ಓರೆಯಾಗುತ್ತದೆ, ಸ್ಕೀಗಳ ಮೇಲೆ ಭಾರ ಹೆಚ್ಚುತ್ತದೆ, ಕಡಿದಾದ ಏರಿನಲ್ಲಿ ಮೂತಿ ಆಕಾಶ ನೋಡುವುದು ಕಡಿಮೆಯಾಗುತ್ತದೆ. ಇದಕ್ಕೆ ತೆರುವ ಬೆಲೆ ಭಾರವಾದ ಹ್ಯಾಂಡಲ್. ಗಾಡಿಯನ್ನು ವಾಲಿಸಲು ಹೆಚ್ಚು ಎಳೆಯಬೇಕಾಗುತ್ತದೆ. ಪಟ್ಟಿ ಉದ್ದ ಬಿಟ್ಟರೆ ಇದೆಲ್ಲ ತಿರುಗುಮುರುಗು: ಹ್ಯಾಂಡಲ್ ಹಗುರ, ಥ್ರಾಟಲ್ಲಿಗೆ ಸ್ಕೀ ತಟ್ಟನೆ ಮೇಲೇಳುತ್ತದೆ, ಮರಗಳ ನಡುವೆ ಆಟವಾಡಲು ಖುಷಿ, ಆದರೆ ಉದ್ದನೆಯ ನೇರ ಏರಿನಲ್ಲಿ ಮೂತಿ ಎದ್ದು ಹಿಂದೆ ಕಂದಕ ಬೀಳುತ್ತದೆ.

ಮಾಡುವ ಬಗೆ ಹೀಗೆ. ಮುಂದಿನ ಬಂಪರಿನ ಕಡೆ ಯಾರಾದರೂ ಒತ್ತಿ ಹಿಡಿದು ಸ್ಕಿಡ್ಡಿನ ಮುಂಭಾಗದ ಮೇಲೆ ಭಾರ ಬಿಟ್ಟರೆ ಪಟ್ಟಿ ಸಡಿಲವಾಗಿ ಜೋಲುತ್ತದೆ. ಆಗ ಬೋಲ್ಟ್ ಬಿಚ್ಚಿ ಒಂದೇ ಒಂದು ತೂತು ಬದಲಿಸಿ. ಎರಡು ಪಟ್ಟಿಗಳಿದ್ದರೆ ಎರಡನ್ನೂ ಒಂದೇ ತೂತಿಗೆ ತನ್ನಿ, ಇಲ್ಲವಾದರೆ ಸ್ಕಿಡ್ ಓರೆಯಾಗಿ ಎಳೆಯುತ್ತದೆ. ಬೋಲ್ಟನ್ನು ಪಟ್ಟಿ ಹಿಸುಕುವಷ್ಟು ಬಿಗಿಯಬೇಡಿ. ಒಂದು ತೂತಿನ ವ್ಯತ್ಯಾಸ ಕಣ್ಣಿಗೆ ಏನೂ ಅಲ್ಲ ಎನಿಸುತ್ತದೆ, ಹಿಮದಲ್ಲಿ ಬೇರೆ ಗಾಡಿ ಹತ್ತಿದ ಹಾಗಿರುತ್ತದೆ. ಎರಡು ತೂತು ಒಟ್ಟಿಗೆ ಹಾರಿಸುವ ಆಸೆ ಬೇಡ.

ಪಟ್ಟಿ ಬದಲಿಸಿದ ಪ್ರತಿಸಲವೂ ಟ್ರ್ಯಾಕ್ ಬಿಗಿತ ಮತ್ತೆ ನೋಡಿ, ಏಕೆಂದರೆ ಸ್ಕಿಡ್ಡಿನ ಸ್ಥಾನ ಬದಲಾದರೆ ಬಿಗಿತವೂ ಬದಲಾಗುತ್ತದೆ. ತೀರಾ ಸಡಿಲವಾದ ಟ್ರ್ಯಾಕ್ ಜೋರು ಥ್ರಾಟಲ್ಲಿಗೆ ಡ್ರೈವ್ ಚಕ್ರದ ಹಲ್ಲಿನ ಮೇಲೆ ಕಟಕಟ ಜಿಗಿಯುತ್ತದೆ. ಆ ಸದ್ದು ಕೇಳಿದರೆ ಅಲ್ಲೇ ನಿಲ್ಲಿಸಿ.

ಮೂರನೆಯದು: ಮುಂದಿನ ಟ್ರ್ಯಾಕ್ ಶಾಕ್

ಇದರ ಸ್ಪ್ರಿಂಗ್ ಬಿಗಿಯಾದಷ್ಟೂ ಗಾಡಿ ಆ ಬಿಂದುವಿನ ಮೇಲೆ ನಿಂತು ತೂಗುತ್ತದೆ, ಸ್ಕೀ ಹಗುರವಾಗುತ್ತದೆ, ನಿಂತ ಜಾಗದಲ್ಲೇ ತಿರುಗಿಸುವುದು ಸುಲಭವಾಗುತ್ತದೆ. ಅತಿಯಾದರೆ ಟ್ರ್ಯಾಕಿನ ಮುಂಭಾಗ ಹಿಮಕ್ಕೆ ಚುಚ್ಚಿಕೊಳ್ಳುತ್ತದೆ. ಗಾಡಿ ಮೊನೆಯ ಮೇಲೆ ನಿಂತಂತೆ ಅತ್ತಿತ್ತ ಬೀಳುವಂತಿರುತ್ತದೆ. ಮೃದುವಾದರೆ ಗಾಡಿ ಚಪ್ಪಟೆಯಾಗಿ, ಸಮಾಧಾನವಾಗಿ ಹತ್ತುತ್ತದೆ, ಸ್ಕೀ ಹೆಚ್ಚು ಕಚ್ಚುತ್ತದೆ.

ಆಳ ಹಿಮಕ್ಕೆ ನಾನು ಮೃದು ಬದಿಗೆ ವಾಲುವವನು. ಹೊಸಬರಿಗಂತೂ ಅದೇ ಒಳ್ಳೆಯದು. ಆದರೆ ಈ ಶಾಕ್ ಮತ್ತು ಲಿಮಿಟರ್ ಪಟ್ಟಿ ಇವೆರಡೂ ಒಂದೇ ಕಡೆ ಎಳೆಯುವ ಎತ್ತುಗಳು ಎಂಬುದನ್ನು ಮರೆಯಬೇಡಿ: ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯದು.

ಸ್ಕೀ ಬದಿ

ಮುಂದಿನ ಸ್ಪ್ರಿಂಗ್ ಬಿಗಿಯಾಗಿದ್ದರೆ ಮೂತಿ ಎತ್ತರವಾಗಿ ನಿಲ್ಲುತ್ತದೆ, ಸ್ಕೀ ಹಿಮದ ಮೇಲೆ ಜೋರಾಗಿ ಒತ್ತುತ್ತದೆ, ವಾಲಿಸುವಾಗ ಗಾಡಿ ಎದುರು ಬೀಳುತ್ತದೆ. ಆಳ ಹಿಮಕ್ಕೆ ಇಲ್ಲಿ ಪ್ರಿಲೋಡ್ ಕಡಿಮೆ ಇರಲಿ. ಸ್ವೇ ಬಾರ್ ಇರುವ ಗಾಡಿಯಾದರೆ ಎಡಬಲ ಸ್ಕೀಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಆ ಸರಳೇ ವಾಲುವಿಕೆಗೆ ದೊಡ್ಡ ಅಡ್ಡಿ. ಬೆಟ್ಟಕ್ಕೇ ಮೀಸಲಾದ ಗಾಡಿಯಲ್ಲಿ ಅನೇಕರು ಅದನ್ನು ಕಳಚಿಬಿಡುತ್ತಾರೆ. ಗಟ್ಟಿ ಹಾದಿಯಲ್ಲಿ ವೇಗವಾಗಿ ತಿರುವು ತೆಗೆದುಕೊಳ್ಳುವ ಅಭ್ಯಾಸವಿದ್ದರೆ ಕಳಚುವ ಮುನ್ನ ಯೋಚಿಸಿ, ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲುತ್ತದೆ. ಸ್ಕೀ ಅಂತರ ಹೊಂದಿಸಲು ಬರುವ ಮಾದರಿಯಾದರೆ ಕಿರಿದು ಮಾಡಿ.

ಗಾಳಿ ಶಾಕ್ ಇದ್ದರೆ

ತೂಕ ಉಳಿಸಲೆಂದು ಬೆಟ್ಟದ ಗಾಡಿಗಳಲ್ಲಿ ಗಾಳಿ ಶಾಕ್ ಬಳಕೆ ಸಾಕಷ್ಟಿದೆ. ಫಾಕ್ಸ್ ಫ್ಲೋಟ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹೊಂದಿಸುವುದು ಸುಲಭ, ಪುಟ್ಟ ಪಂಪ್ ಒಂದಿದ್ದರೆ ಸಾಕು. ಆದರೆ ಗಾಳಿ ಚಳಿಗೆ ಕುಗ್ಗುತ್ತದೆ ಎಂಬುದು ಗ್ಯಾರೇಜಿನ ಬೆಚ್ಚಗಿನಲ್ಲಿ ನೆನಪಾಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಸಮುದ್ರಮಟ್ಟಕ್ಕೆ ಹತ್ತಿರದ ಊರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್ ಗ್ಯಾರೇಜಿನಲ್ಲಿ 70 ಪಿಎಸ್‌ಐ ತುಂಬಿದಿರಿ ಎನ್ನಿ. ಪಂಪಿನ ಮುಳ್ಳು ತೋರಿಸುವುದು ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ, ವಾಯುಭಾರದ 14.7 ಸೇರಿಸಿದರೆ ಒಳಗಿರುವುದು 84.7. ಕೆಲ್ವಿನ್ ಮಾನದಲ್ಲಿ 20 ಡಿಗ್ರಿ ಎಂದರೆ 293, ಮೈನಸ್ 15 ಎಂದರೆ 258; ಹಾಗಾಗಿ ಮೈನಸ್ 15 ಡಿಗ್ರಿಯ ಬೆಟ್ಟದಲ್ಲಿ ಅದು 293ರಲ್ಲಿ 258 ಪಾಲಿನಷ್ಟಾಗಿ, ಅಂದರೆ ಸುಮಾರು 74.6ಕ್ಕೆ ಇಳಿಯುತ್ತದೆ. ಊರಿನ ಎತ್ತರದಲ್ಲೇ ಆ ಚಳಿ ಬಿದ್ದಿದ್ದರೆ ಮುಳ್ಳು 60 ತೋರಿಸುತ್ತಿತ್ತು. 3000 ಮೀಟರ್ ಎತ್ತರದಲ್ಲಿ ಹೊರಗಿನ ವಾಯುಭಾರವೂ ಸುಮಾರು 10.2ಕ್ಕೆ ಇಳಿದಿರುವುದರಿಂದ ಮುಳ್ಳು 64ರ ಆಸುಪಾಸು ನಿಲ್ಲುತ್ತದೆ. ಚಳಿ ಕಸಿದದ್ದರಲ್ಲಿ ಅರ್ಧದಷ್ಟನ್ನು ಎತ್ತರ ಮರಳಿ ಕೊಟ್ಟಂತಾಯಿತು. ಇಷ್ಟೆಲ್ಲ ಲೆಕ್ಕ ಬೇಡ ಎನ್ನುವವರಿಗೆ ಸರಳ ದಾರಿ: ಸವಾರಿ ಹೊರಡುವ ಜಾಗದಲ್ಲಿ, ಗಾಡಿ ಹೊರಗಿನ ಚಳಿಗೆ ಪೂರ್ತಿ ತಣ್ಣಗಾದ ಮೇಲೆ, ಮೂತಿಯನ್ನು ಎತ್ತಿ ಶಾಕ್ ಹಿಗ್ಗಿದ ಸ್ಥಿತಿಯಲ್ಲಿ ಗಾಳಿ ಹೊಂದಿಸಿ.

ಶಾಕ್ ಪಂಪ್ ಸಿಕ್ಕಿಸಿದಾಗ ಒಳಗಿನ ಗಾಳಿ ಸ್ವಲ್ಪ ಪಂಪಿನ ಕೊಳವೆಗೆ ನುಗ್ಗುತ್ತದೆ, ಹಾಗಾಗಿ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಗಾಳಿ ಸೋರಿದೆ ಎಂದು ಗಾಬರಿ ಬೀಳಬೇಕಿಲ್ಲ. ಕಾರಿನ ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಮಾತ್ರ ಬಳಸಬೇಡಿ. ಶಾಕಿನ ಒಳಗಿನ ಜಾಗ ಅಷ್ಟು ಪುಟ್ಟದು, ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಡ ಮಿತಿಮೀರುತ್ತದೆ. ಎಡಬಲ ಸಮನಾಗಿರಲಿ. ಇಲ್ಲಿ 2 ಪಿಎಸ್‌ಐ ಬದಲಾದರೂ ಕೈಗೆ ಗೊತ್ತಾಗುತ್ತದೆ.

ಕೊನೆಯದು ಕ್ಲಿಕ್ಕರ್

ಸ್ಪ್ರಿಂಗ್ ಮತ್ತು ಪಟ್ಟಿ ಭಾರ ಎಲ್ಲಿಗೆ ಹೋಗಬೇಕು ಎಂದು ಹೇಳಿದರೆ, ಕ್ಲಿಕ್ಕರಿನಿಂದ ಹೊಂದಿಸುವ ಡ್ಯಾಂಪಿಂಗ್ ಎಷ್ಟು ಬೇಗ ಹೋಗಬೇಕು ಎಂದು ಹೇಳುತ್ತದೆ. ಕಂಪ್ರೆಷನ್ ಕುಗ್ಗುವ ವೇಗಕ್ಕೆ, ರೀಬೌಂಡ್ ಮರಳಿ ಹಿಗ್ಗುವ ವೇಗಕ್ಕೆ. ಹಿಂದಿನ ಶಾಕಿನ ಕಂಪ್ರೆಷನ್ ಎರಡು ಕ್ಲಿಕ್ ಬಿಗಿ ಮಾಡಿದರೆ ಥ್ರಾಟಲ್ ಒತ್ತಿದಾಗ ಹಿಂಭಾಗ ನಿಧಾನವಾಗಿ ಕೂರುತ್ತದೆ, ಮೂತಿ ತಟ್ಟನೆ ಏಳುವುದು ತಪ್ಪುತ್ತದೆ. ರೀಬೌಂಡ್ ತೀರಾ ನಿಧಾನವಾದರೆ ಸಾಲು ಉಬ್ಬುಗಳಲ್ಲಿ ಶಾಕ್ ಹಿಗ್ಗಲು ಸಮಯ ಸಿಗದೆ ಕುಗ್ಗುತ್ತಲೇ ಹೋಗಿ ಕಲ್ಲಿನಂತಾಗುತ್ತದೆ. ತೀರಾ ಚುರುಕಾದರೆ ಹಿಂಬದಿ ಒದೆಯುತ್ತದೆ. ಕ್ಲಿಕ್ ಎಣಿಸುವುದು ಯಾವಾಗಲೂ ಪೂರ್ತಿ ಬಿಗಿ ಮಾಡಿ ಅಲ್ಲಿಂದ ಹೊರಕ್ಕೆ. ಕ್ಲಿಕ್ಕರೇ ಇಲ್ಲದ ಗಾಡಿಯವರು ಈ ಭಾಗ ಬಿಟ್ಟು ಮುಂದೆ ಓದಬಹುದು, ದೊಡ್ಡ ನಷ್ಟವೇನಿಲ್ಲ.

ಪರೀಕ್ಷಾ ಓಟ

ಜಾಗದ ಆಯ್ಕೆಯಲ್ಲಿ ರಾಜಿ ಬೇಡ. ಹಿಮಕುಸಿತ ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಆದ್ದರಿಂದ ಪರೀಕ್ಷೆಗೆ 30 ಡಿಗ್ರಿಗಿಂತ ಕಡಿಮೆಯ ತೆರೆದ ಬಯಲು ಸಾಕು, ಅದರ ನೆತ್ತಿಯ ಮೇಲೆ ಕಡಿದಾದ ಬೆಟ್ಟವೂ ತೂಗಿರಬಾರದು. ಆ ದಿನದ ಹಿಮಕುಸಿತ ಮುನ್ಸೂಚನೆ ನೋಡಿ ಹೊರಡಿ. ಬೀಕನ್ (ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಕೋಲು), ಗುದ್ದಲಿ ಪ್ರತಿಯೊಬ್ಬರ ಬಳಿಯೂ ಇರಲಿ, ಒಬ್ಬರೇ ಹೋಗಬೇಡಿ. ಏರು ಹತ್ತುವಾಗ ಒಬ್ಬರಾದ ಮೇಲೆ ಒಬ್ಬರು.

ಮೂರು ಬಗೆಯ ಓಟ ಮಾಡಿ. ಸಮತಟ್ಟಾದ ಮುಟ್ಟದ ಹಿಮದಲ್ಲಿ ನಿಂತಲ್ಲಿಂದ ಹೊರಡುವುದು, ನೇರವಾಗಿ ಏರುವುದು, ಇಳಿಜಾರಿಗೆ ಅಡ್ಡಲಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಾಗುವುದು. ಪ್ರತಿಸಲವೂ ಹೊಸ ಹಿಮ ಹುಡುಕಿ. ತುಳಿದ ಹಿಮದಲ್ಲಿ ಎಂಥ ಗಾಡಿಯೂ ಚೆನ್ನಾಗಿಯೇ ಹತ್ತುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಓಟ ಮುಗಿದ ಮೇಲೆ ಇಳಿದು ಹಿಂದಕ್ಕೆ ನಡೆದು, ನಿಮ್ಮ ಗಾಡಿ ಬಿಟ್ಟ ಗುರುತು ನೋಡಿ. ಹೊರಟ ಜಾಗದಲ್ಲಿ ಮೊಣಕಾಲಾಳದ ಗುಂಡಿ ಬಿದ್ದು, ಕೆಲವು ಮೀಟರಿನೊಳಗೆ ಅದು ಆಳ ಕಡಿಮೆಯಾಗಿ ಸಮನಾದ ಪಟ್ಟೆಯಾಗಿದ್ದರೆ ಟ್ರ್ಯಾಕ್ ಮೇಲೆ ಹತ್ತುತ್ತಿದೆ ಎಂದು ಅರ್ಥ. ಗುಂಡಿ ಉದ್ದಕ್ಕೂ ಅಷ್ಟೇ ಆಳವಾಗಿ ಸಾಗಿದ್ದರೆ ಭಾರ ಹಿಂದೆಯೇ ಕೂತಿದೆ. ಸ್ಕೀ ಗೆರೆಗಳು ಎಲ್ಲಿ ಮಾಯವಾದವು, ಎಲ್ಲಿ ಮತ್ತೆ ಕಾಣಿಸಿಕೊಂಡವು ಎಂಬುದೂ ಹಿಮದ ಮೇಲೆಯೇ ಬರೆದಿರುತ್ತದೆ. ಹೊಸ ಶಾಕ್ ಕೊಳ್ಳುವ ಮೊದಲು ಈ ಗುರುತು ಓದಲು ಕಲಿಯುವುದು ಲಾಭ.

ಇನ್ನೊಂದು ಉಪಾಯ. ಶಾಕಿನ ದಂಡಕ್ಕೆ ರಬ್ಬರ್ ರಿಂಗ್ ಇಲ್ಲವೇ ಸಡಿಲವಾಗಿ ತೆಳು ಕೇಬಲ್ ಟೈ ಹಾಕಿ, ಸೀಲಿನ ಬುಡಕ್ಕೆ ತಳ್ಳಿಡಿ. ಓಟದ ನಂತರ ಅದು ಎಲ್ಲಿಗೆ ಸರಿದಿದೆಯೋ ಶಾಕ್ ಅಲ್ಲಿಯವರೆಗೆ ಕುಗ್ಗಿದೆ. ಮೆತ್ತನೆ ಹಿಮದಲ್ಲೂ ಪ್ರತಿಸಲ ತುದಿ ಮುಟ್ಟುತ್ತಿದ್ದರೆ, ಹಿಮದಡಿ ಅಡಗಿದ ಮರದ ದಿಮ್ಮಿ ಎದುರಾದಾಗ ತಡೆಯಲು ಏನೂ ಉಳಿದಿಲ್ಲ ಎಂದಾಯಿತು.

ಲಕ್ಷಣ ನೋಡಿ ಮದ್ದು

ಏರಿನಲ್ಲಿ ಮೂತಿ ಏಳುತ್ತಿದ್ದರೆ ಮೊದಲು ಹಿಂದಿನ ಪ್ರಿಲೋಡ್ ಒಂದು ಹಂತ ಹೆಚ್ಚಿಸಿ. ಸಾಲದಿದ್ದರೆ ಪಟ್ಟಿ ಒಂದು ತೂತು ಗಿಡ್ಡ ಮಾಡಿ. ಆಮೇಲೂ ಏಳುತ್ತಿದ್ದರೆ ಮುಂದಿನ ಟ್ರ್ಯಾಕ್ ಶಾಕ್ ಮೃದು ಮಾಡಿ. ಈ ಮೂರನ್ನೂ ಮಾಡಿ ಪ್ರಯೋಜನವಾಗದಿದ್ದರೆ ನೀವು ಎಲ್ಲಿ ನಿಂತಿದ್ದೀರಿ ಎಂದು ಗೆಳೆಯರಿಗೆ ವಿಡಿಯೊ ತೆಗೆಯಲು ಹೇಳಿ. ಹ್ಯಾಂಡಲ್ ಹಿಡಿದು ಹಿಂದಕ್ಕೆ ಜೋತುಬಿದ್ದ ಸವಾರನಿಗೆ ಯಾವ ಸ್ಪ್ರಿಂಗೂ ನೆರವಾಗದು.

ವಾಲಿಸಲು ತೋಳು ಸೋಲುತ್ತಿದೆಯೇ? ಸ್ಕೀ ಪ್ರಿಲೋಡ್ ಇಳಿಸಿ, ಆಮೇಲೆ ಮುಂದಿನ ಟ್ರ್ಯಾಕ್ ಶಾಕನ್ನು ತುಸು ಬಿಗಿ ಮಾಡಿ, ಕೊನೆಗೆ ಪಟ್ಟಿ ಒಂದು ತೂತು ಬಿಡಿ. ವಾಲಿಸಿದ ಮೇಲೆ ಗಾಡಿ ಅಂಚಿನಲ್ಲಿ ನಿಲ್ಲದೆ ಇಳಿಜಾರಿನ ಕೆಳಬದಿಗೆ ಜಾರಿಹೋಗುತ್ತಿದ್ದರೆ ಸ್ಕೀ ತೀರಾ ಹಗುರವಾಗಿದೆ, ಈ ಕ್ರಮದಲ್ಲೇ ಒಂದೊಂದು ಹೆಜ್ಜೆ ವಾಪಸ್ ಬನ್ನಿ.

ಸ್ಕೀ ಹಿಮದೊಳಗೆ ಮೂತಿ ತೂರಿ ಮುಗ್ಗರಿಸಿದರೆ ಹಿಂಭಾಗ ಎತ್ತರವಾಗಿದೆ. ಹಿಂದಿನ ಪ್ರಿಲೋಡ್ ಇಳಿಸಿ. ಬೆಳಿಗ್ಗೆ ಚೆನ್ನಾಗಿದ್ದ ಗಾಡಿ ಮಧ್ಯಾಹ್ನ ಬಿಗಿಯಾಗಿ, ಭಾರವಾಗಿ ಅನಿಸಿದರೆ ಹೊಂದಾಣಿಕೆ ಮುಟ್ಟುವ ಮುನ್ನ ಸ್ಕಿಡ್ಡಿನೊಳಗೆ ಬಗ್ಗಿ ನೋಡಿ. ರೇಲಿನ ನಡುವೆ, ಟಾರ್ಷನ್ ಸ್ಪ್ರಿಂಗಿನ ಸುತ್ತ ಕರಗಿ ಮತ್ತೆ ಹೆಪ್ಪುಗಟ್ಟಿದ ಮಂಜುಗಡ್ಡೆ ಸಸ್ಪೆನ್ಷನ್ನನ್ನೇ ಬೀಗ ಹಾಕಿದಂತೆ ಹಿಡಿದಿರುತ್ತದೆ. ಅದನ್ನು ಶಾಕಿನ ದಂಡಕ್ಕೆ ತಾಗದಂತೆ ಮರದ ಕೋಲಿನಿಂದ ಬಿಡಿಸಿ. ದಂಡದ ಮೇಲೆ ಗೀರು ಬಿದ್ದರೆ ಸೀಲ್ ಕೆಡುತ್ತದೆ.

ಹಿಮ ಬದಲಾದಾಗ

ರಾಕಿ ಪರ್ವತಗಳ ಒಳನಾಡಿನ ಒಣ ಪುಡಿಹಿಮಕ್ಕೂ ಕರಾವಳಿಗೆ ಹತ್ತಿರದ ಕ್ಯಾಸ್ಕೇಡ್ ಬೆಟ್ಟಗಳ ಒದ್ದೆ, ಭಾರ ಹಿಮಕ್ಕೂ ಒಂದೇ ಹೊಂದಾಣಿಕೆ ನಡೆಯದು. ಒಣ ಹಿಮದಲ್ಲಿ ಟ್ರ್ಯಾಕಿಗೆ ಆಧಾರ ಕಡಿಮೆ, ಹೂಳುವುದು ಬೇಗ. ಅಲ್ಲಿ ಪಟ್ಟಿ ಗಿಡ್ಡ, ಹಿಂದೆ ತುಸು ಬಿಗಿ. ಒದ್ದೆ ಹಿಮ ಟ್ರ್ಯಾಕನ್ನು ತಾನೇ ಹೊರುತ್ತದೆ, ಆದರೆ ಸ್ಕೀಯನ್ನು ಹಿಡಿದೆಳೆಯುತ್ತದೆ. ಅಲ್ಲಿ ಪಟ್ಟಿ ಒಂದು ತೂತು ಬಿಟ್ಟು ಸ್ಕೀ ಹಗುರ ಮಾಡಿದರೆ ತೋಳಿಗೆ ಸುಖ. ವಸಂತದಲ್ಲಿ ರಾತ್ರಿ ಹೆಪ್ಪುಗಟ್ಟಿದ ಗಟ್ಟಿ ಹಿಮದ ಮೇಲೆ ಬೆಳಿಗ್ಗೆ ಹೊರಡುವುದಾದರೆ ಸ್ಕೀ ಪ್ರಿಲೋಡ್ ಸ್ವಲ್ಪ ಏರಿಸಿ, ಐಸ್ ಸ್ಕ್ರ್ಯಾಚರ್ (ಗಟ್ಟಿ ಹಿಮ ಕೆರೆದು ಪುಡಿ ಹಾರಿಸುವ ಕಡ್ಡಿಗಳು) ಕೆಳಗಿಳಿಸಿ. ರೇಲಿನಡಿಯ ಪ್ಲಾಸ್ಟಿಕ್ ಸ್ಲೈಡಿಗೂ ಎಂಜಿನ್ನಿನ ಕೂಲಂಟಿಗೂ ತಂಪು ಸಿಗುವುದು ಹಾರುವ ಹಿಮದ ಪುಡಿಯಿಂದಲೇ. ಮೆತ್ತನೆ ಹಿಮ ಸಿಕ್ಕಿದ ಮೇಲೆ ಸ್ಕ್ರ್ಯಾಚರ್ ಮೇಲಕ್ಕೆತ್ತಿ ಸಿಕ್ಕಿಸಿ. ಮರೆತು ಹಾಗೇ ಗಾಡಿಯನ್ನು ಹಿಂದಕ್ಕೆ ತೆಗೆದರೆ ಅವು ಬಾಗಿ ಮುರಿಯಬಹುದು.